ದುಂಡಕ್ಷರಕ್ಕೆ ತಕ್ಕ ಹಾಸು

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಾವೆಲ್ಲ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ತನ್ನ ಕೈಯ ಕೊರತೆಯನ್ನು ಮುಚ್ಚಿಕೊಳ್ಳಲು ಸಲಕರಣೆಯನ್ನು ದೂರುವವರಿಗೆ ಹಿರಿಯರು ಹೇಳಿದ ಮಾತು ಅದು. ಬಹುಮಟ್ಟಿಗೆ ಸತ್ಯವೂ ಹೌದು. ಆದರೆ ನಾಮಫಲಕ ತಯಾರಿಸುವ ವೃತ್ತಿಯಲ್ಲಿ ಮಾತ್ರ ಈ ಗಾದೆಯನ್ನು ತುಸು ತಡೆದು ಬಳಸಬೇಕಾಗುತ್ತದೆ. ಅಲ್ಲಿ ಎಷ್ಟೋ ಸಲ ಕೈ ಸರಿಯಾಗಿಯೇ ಇರುತ್ತದೆ, ನೆಲವೇ ಡೊಂಕಾಗಿರುತ್ತದೆ. ನೆಲವೆಂದರೆ ಇಲ್ಲಿ ಅಕ್ಷರವನ್ನು ಕತ್ತರಿಸುವಾಗ ಅದರ ಅಡಿಯಲ್ಲಿರುವ ಹಾಸು. ಆ ಹಾಸನ್ನು ಹೇಗೆ ಆರಿಸಿಕೊಳ್ಳಬೇಕು, ಯಾವುದು ಬಹುಕಾಲ ಬಾಳುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ವಿಷಯ ಚಿಕ್ಕದೆಂದು ಓದುಗ ಬಂಧುಗಳಿಗೆ ತೋರಬಹುದು. ಮೂಡಿಗೆರೆ ತಾಲ್ಲೂಕಿನ ದೇವರಮನೆಯನ್ನು ಒಮ್ಮೆ ನೆನೆದುಕೊಳ್ಳಿ. ಅಲ್ಲಿ ಕಾಲಭೈರವೇಶ್ವರನ ಗುಡಿಯಿದೆ. ಸುತ್ತ ಹುಲ್ಲಿನ ಗುಡ್ಡಗಳು, ಗುಡ್ಡದಂಚಿಗೆ ಆಳವಾದ ಕಣಿವೆ. ಮಳೆಗಾಲ ಬಂದಿತೆಂದರೆ ಹತ್ತು ಮಾರು ಮುಂದಿನದು ಕಾಣದಂತಹ ಮಂಜು. ದರ್ಶನಕ್ಕೆಂದೂ ವಿಹಾರಕ್ಕೆಂದೂ ದೂರದೂರುಗಳಿಂದ ಬರುವವರು ಈ ದಾರಿಗೆ ಹೊಸಬರು. ಕಾಫಿ ತೋಟಗಳ ನಡುವೆ ಸುತ್ತಿ ಸುತ್ತಿ ಏರುವ ರಸ್ತೆಯಲ್ಲಿ ಅವರಿಗೆ ದಾರಿ ಹೇಳಲು ಎಲ್ಲ ತಿರುವಿನಲ್ಲಿಯೂ ಮನುಷ್ಯರು ಸಿಕ್ಕುವುದಿಲ್ಲ. ಅಲ್ಲಿ ಮಾತನಾಡುವುದು ಫಲಕ ಒಂದೇ. ಆ ಫಲಕದ ಮೇಲಿನ ಅಕ್ಷರದ ಅಂಚು ಕತ್ತರಿಸುವಾಗಲೇ ಹರಿದಿದ್ದರೆ ಮಳೆಯ ನೀರು ಅಲ್ಲಿಂದಲೇ ಒಳಗೆ ನುಸುಳುತ್ತದೆ. ಅಂಟು ಸಡಿಲುತ್ತದೆ, ಅಕ್ಷರದ ತುದಿ ಏಳುತ್ತದೆ, ಗಾಳಿಗೆ ಪಟಪಟನೆ ಬಡಿದು ಕೊನೆಗೊಂದು ದಿನ ಕಿತ್ತುಹೋಗುತ್ತದೆ. ಮಂಜಿನಲ್ಲಿ ಬಂದ ಕುಟುಂಬವೊಂದು ಅರ್ಧ ಹೆಸರು ಓದಿ ತಪ್ಪು ತಿರುವು ಹಿಡಿದರೆ ಅದಕ್ಕೆ ಹೊಣೆ ಯಾರು? ಆದಕಾರಣ ಮೇಜಿನ ಮೇಲಿನ ಹಾಸು ಚಿಕ್ಕ ವಿಷಯವಲ್ಲವೆಂದೇ ನಮ್ಮ ಅಭಿಪ್ರಾಯ.

ಈ ವೃತ್ತಿಗೆ ಈಗ ಬೇಡಿಕೆಯೂ ಬಂದಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯಂತೆ ಅಂಗಡಿ, ಉದ್ಯಮ, ಸಂಸ್ಥೆಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಭಾಗ ಕನ್ನಡದಲ್ಲಿರಬೇಕು. ಆ ಕನ್ನಡ ಫಲಕದ ಮೇಲ್ಭಾಗದಲ್ಲಿರಬೇಕು. ಇತ್ತ 2016ರಲ್ಲಿಯೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸನ್ನೂ ಸೇರಿಸಿತು. ಹೀಗಾಗಿ ಒಂದು ತಿಂಗಳ ಆಯುಸ್ಸಿನ ಫ್ಲೆಕ್ಸ್ ಬ್ಯಾನರಿನ ಬದಲಿಗೆ ಹತ್ತು ವರುಷ ನಿಲ್ಲಬೇಕಾದ ತಗಡಿನ ಫಲಕ, ಅದರ ಮೇಲೆ ಕತ್ತರಿಸಿ ಅಂಟಿಸಿದ ಕನ್ನಡ ಅಕ್ಷರ ಎಂಬ ಕೆಲಸಕ್ಕೆ ಮತ್ತೆ ಮರ್ಯಾದೆ ಬರುತ್ತಿದೆ. ತೋಟದ ಗೇಟಿಗೆ ಫಲಕ, ಹೋಂಸ್ಟೇಗೆ ಫಲಕ, ಶಾಲೆಗೆ, ಸಹಕಾರ ಸಂಘಕ್ಕೆ, ಗುಡಿಗೆ ಫಲಕ. ನಮ್ಮ ಕುಟುಂಬಗಳ ಎಷ್ಟೋ ಮಂದಿ ತರುಣರು ಊರಿನಲ್ಲಿಯೇ ನಿಂತು ಈ ಕಾಯಕ ಹಿಡಿಯಲು ಮನಸ್ಸು ಮಾಡುತ್ತಿದ್ದಾರೆ. ಮನೆಯ ಹಿರಿಯರು ಸಾಲ ಮಾಡಿ ಗಣಕಯಂತ್ರ ಕೊಡಿಸುತ್ತಾರೆ, ಅಂಟುಹಾಳೆಯನ್ನು ಕತ್ತರಿಸುವ ಪ್ಲಾಟರ್ ಯಂತ್ರ ಕೊಡಿಸುತ್ತಾರೆ. ಕತ್ತರಿಸುವ ಹಾಸಿನ ಮಾತು ಬಂದಾಗ ಮಾತ್ರ ಹಿತ್ತಲಲ್ಲಿ ಬಿದ್ದಿರುವ ಹಳೆಯ ಬಾಗಿಲ ಹಲಗೆ ಸಾಕೆನ್ನುತ್ತಾರೆ. ಡೊಂಕು ಆರಂಭವಾಗುವುದು ಅಲ್ಲಿಂದಲೇ.

ಯಂತ್ರವಿದ್ದ ಮೇಲೆ ಕೈಯಲಗು ಏಕೆ ಎಂದು ಕೇಳುವವರುಂಟು. ಪ್ಲಾಟರ್ ತೆಳುವಾದ ವಿನೈಲ್ ಹಾಳೆಯನ್ನು ಅಚ್ಚುಕಟ್ಟಾಗಿ ಕತ್ತರಿಸುತ್ತದೆ, ನಿಜ. ಆದರೆ ಕತ್ತರಿಸಿ ಬಂದ ಹಾಳೆಯನ್ನು ತುಂಡರಿಸುವುದು, ಅಂಚು ಸವರುವುದು, ಸನ್‌ಬೋರ್ಡಿನ ದಪ್ಪ ಹಲಗೆಯಲ್ಲಿ ಅಕ್ಷರ ತೆಗೆಯುವುದು, ಅಕ್ರಿಲಿಕ್ ಹಾಳೆಗೆ ಗೀರು ಹಾಕಿ ಮುರಿಯುವುದು, ಕಾಫಿ ಚೀಲದ ಮೇಲೆ ತೋಟದ ಹೆಸರನ್ನು ಬಣ್ಣದಲ್ಲಿ ಒತ್ತಲು ಬೇಕಾಗುವ ಸ್ಟೆನ್ಸಿಲ್ ಕೊರೆಯುವುದು, ಇವೆಲ್ಲ ಇಂದಿಗೂ ಕೈಯ ಕೆಲಸಗಳೇ. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತು ಕೈಕೊಡುವುದು ಹೊಸ ಸಂಗತಿಯಲ್ಲ. ಯಂತ್ರ ನಿಂತರೂ ಒಪ್ಪಿಕೊಂಡ ಕೆಲಸವನ್ನು ಹೇಳಿದ ದಿನಕ್ಕೆ ಕೊಡಬೇಕಾದರೆ ಅಲಗು ಹಿಡಿಯುವ ಕೈ ಬೇಕು, ಆ ಕೈಗೆ ತಕ್ಕ ಹಾಸೂ ಬೇಕು.

ಗರಿಯ ನಾರು, ಅಕ್ಷರದ ದುಂಡು

ಮಠದಲ್ಲಿ ಓದುವ ಕಾಲದಲ್ಲಿ ತಾಡೋಲೆಯ ಕಟ್ಟುಗಳನ್ನು ಬಿಚ್ಚಿ ಕಟ್ಟುವ ಕೆಲಸ ನಮ್ಮ ಪಾಲಿಗೆ ಬರುತ್ತಿತ್ತು. ಆ ಗರಿಗಳನ್ನು ಕೈಯಲ್ಲಿ ಹಿಡಿದವರಿಗೆ ಒಂದು ಸಂಗತಿ ಬಲುಬೇಗ ತಿಳಿಯುತ್ತದೆ. ತಾಳೆಯ ಗರಿಯಲ್ಲಿ ನಾರು ಉದ್ದಕ್ಕೆ ಹರಿದಿರುತ್ತದೆ. ಲೋಹದ ಕಂಟವನ್ನು ಆ ನಾರಿನ ಗುಂಟ ನೇರವಾಗಿ ಎಳೆದರೆ ಗರಿ ಸೀಳಿಬಿಡುತ್ತದೆ. ಆದ್ದರಿಂದ ಬರೆಯುವವನು ಅಡ್ಡಗೆರೆಯನ್ನು ಬಿಟ್ಟು ಬಳಸಿ ಬರೆಯತೊಡಗಿದ, ದಕ್ಷಿಣದ ಲಿಪಿಗಳು ದುಂಡಗಾಗುವುದಕ್ಕೆ ಇದೊಂದು ಕಾರಣ ಎಂಬುದು ವಿದ್ವಾಂಸರಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯ. ಮೂಡಿಗೆರೆಗೆ ನೆರೆಯದಾದ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಕ್ರಿಸ್ತಶಕ 450ರ ಸುಮಾರಿನ ಶಿಲಾಶಾಸನದಲ್ಲಿ ಅಕ್ಷರಗಳಿಗೆ ಇಂದಿನ ಈ ದುಂಡು ಬಂದಿರಲಿಲ್ಲ. ಅದು ಶತಮಾನಗಳ ಬರಹದಲ್ಲಿ ಮೆಲ್ಲಮೆಲ್ಲನೆ ಕೂಡಿಬಂದದ್ದು.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಬರೆಯುವ ಹಾಸಿನ ನಾರು ಒಂದು ಕಾಲಕ್ಕೆ ಅಕ್ಷರವನ್ನು ದುಂಡಗೆ ಮಾಡಿತು. ಈಗ ಅದೇ ದುಂಡಕ್ಷರವನ್ನು ಕತ್ತರಿಸಲು ಹೊರಟಾಗ, ನಾರಿರುವ ಹಾಸೇ ನಮಗೆ ತೊಡಕಾಗಿ ನಿಲ್ಲುತ್ತದೆ.

ಹೇಗೆಂದರೆ, ಅಲಗು ಅಂಟುಹಾಳೆಯನ್ನು ದಾಟಿದ ಮೇಲೆ ಅದರ ತುದಿ ಕೂದಲೆಳೆಯಷ್ಟಾದರೂ ಹಾಸಿನೊಳಗೆ ಇಳಿಯುತ್ತದೆ. ಹಾಸು ಮರದ್ದಾಗಿದ್ದರೆ ಅಲ್ಲಿ ನಾರಿನ ದಿಕ್ಕಿದೆ. ನಾರಿನ ಗುಂಟ ಅಲಗು ಜಾರಿಕೊಂಡು ಹೋಗುತ್ತದೆ, ನಾರಿಗೆ ಅಡ್ಡವಾದಾಗ ತಡೆಯುತ್ತದೆ. ‘ಠ’ ಎಂಬ ಅಕ್ಷರವನ್ನೇ ತೆಗೆದುಕೊಳ್ಳಿ. ಅದರ ಸುತ್ತು ಮುಗಿಯುವುದರೊಳಗೆ ಅಲಗು ಎರಡು ಸಲ ನಾರಿನ ಗುಂಟವೂ ಎರಡು ಸಲ ನಾರಿಗೆ ಅಡ್ಡವಾಗಿಯೂ ಸಾಗಬೇಕು. ಜಾರುವಲ್ಲಿ ಗೆರೆ ಹೊರಗೆ ಹೋಗುತ್ತದೆ, ತಡೆಯುವಲ್ಲಿ ಒಳಗೆ ಸೆಳೆಯುತ್ತದೆ. ಬಳೆಯಂತಿರಬೇಕಾದ ಅಕ್ಷರ ಮೊಟ್ಟೆಯಂತಾಗುತ್ತದೆ. ಇಂಗ್ಲಿಷಿನ ಎಚ್, ಇ, ಟಿ, ಎಲ್ ಮೊದಲಾದ ದೊಡ್ಡಕ್ಷರಗಳಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಉಕ್ಕಿನ ಅಳತೆಪಟ್ಟಿ ಇಟ್ಟು ಎಳೆದರೆ ಮುಗಿಯಿತು. ‘ದೇವರಮನೆ’ ಎಂಬ ಹೆಸರಿನಲ್ಲಿ ಅಳತೆಪಟ್ಟಿ ಇಟ್ಟು ಕತ್ತರಿಸಬಹುದಾದ ಗೆರೆ ಎಷ್ಟಿದೆಯೆಂದು ಬರೆದು ನೋಡಿ. ದಕಾರದಿಂದ ನಕಾರದವರೆಗೆ ಎಲ್ಲವೂ ಬಳಸುವ ಗೆರೆಗಳೇ. ಇನ್ನು ‘ಕಾಲಭೈರವೇಶ್ವರ’ ಎಂದರೆ ಒತ್ತಕ್ಷರವೂ ಕೂಡಿತು; ಚಿಕ್ಕ ಜಾಗದಲ್ಲಿ ಇನ್ನೂ ಚಿಕ್ಕ ಸುತ್ತು.

ಆದ್ದರಿಂದ ಕನ್ನಡದ ಕೆಲಸಕ್ಕೆ ಹಾಸನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಇದು ಎಷ್ಟು ಗಟ್ಟಿ’ ಎಂಬುದಲ್ಲ. ‘ಇದಕ್ಕೆ ತನ್ನದೇ ದಿಕ್ಕು ಇದೆಯೇ’ ಎಂಬುದು. ಯಾವ ಕಡೆಗೆ ತಿರುಗಿದರೂ ಅಲಗಿಗೆ ಒಂದೇ ಬಗೆಯ ಅನುಭವ ಕೊಡುವ ಹಾಸು ನಮಗೆ ಬೇಕು. ಗಟ್ಟಿತನದ ಮಾತು ಅದರ ನಂತರದ್ದು.

ಹಾಸುಗಳ ಗುಣದೋಷ

ಮೊದಲನೆಯದು ಹಲಗೆ ಅಥವಾ ಪ್ಲೈವುಡ್. ಸುಲಭವಾಗಿ ಸಿಗುತ್ತದೆ, ಅಲಗಿನ ಮೊನೆಯನ್ನು ಬೇಗ ಕೆಡಿಸುವುದಿಲ್ಲ. ಆದರೆ ನಾರಿನ ದೋಷವನ್ನು ಆಗಲೇ ಹೇಳಿದೆವು. ಅದರ ಮೇಲೆ ಬಿದ್ದ ಗೀರು ಅಲ್ಲಿಯೇ ಉಳಿಯುತ್ತದೆ. ಗಾಡಿಯ ಚಕ್ರ ಹಳೆಯ ಜಾಡಿಗೆ ಇಳಿಯುವಂತೆ ಇಂದಿನ ಅಲಗು ನಿನ್ನೆಯ ಗೀರಿಗೆ ಇಳಿಯುತ್ತದೆ. ಮರವನ್ನು ಉದ್ದಕ್ಕೆ ಸೀಳದೆ ಅಡ್ಡಲಾಗಿ ಕೊಯ್ದ ಕೊರಡಿನ ಗುಣ ಬೇರೆ. ಅಲ್ಲಿ ನಾರು ಮೇಲ್ಮುಖವಾಗಿ ನಿಂತಿರುತ್ತದೆ; ಅಲಗು ನಾರುಗಳ ನಡುವೆ ಇಳಿದೇಳುತ್ತದೆ, ಗೀರು ಮರಳಿ ಮುಚ್ಚಿಕೊಳ್ಳುತ್ತದೆ. ಹುಣಸೆಯ ಕೊರಡು ಕೊಚ್ಚುವ ಕೆಲಸಕ್ಕೆ ಹೆಸರಾಗಿರುವುದು ಹೀಗೆ ಬಾಳಿಕೆ ಬರುವುದರಿಂದಲೇ. ಆದರೆ ಮೂರು ಅಡಿ ಅಗಲದ ಸಮತಟ್ಟಾದ ಕೊರಡನ್ನು ಎಲ್ಲಿಂದ ತರುವುದು? ತಂದರೂ ಅದು ಒಣಗುತ್ತ ಬಿರಿಯುತ್ತದೆ. ಫಲಕದ ಕೆಲಸಕ್ಕೆ ಅದು ಹೊಂದುವುದಿಲ್ಲ.

ಎರಡನೆಯದು ಗಾಜು. ನೋಟಕ್ಕೆ ಇದಕ್ಕಿಂತ ಬಾಳುವ ಹಾಸಿಲ್ಲ. ಗೀರು ಬೀಳುವುದು ಅಪರೂಪ, ನಾರಿಲ್ಲ, ಅಂಟು ಹತ್ತಿದರೆ ಕೆರೆದು ತೆಗೆಯಬಹುದು, ಕೆಳಗೆ ನಕ್ಷೆಯಿಟ್ಟು ಮೇಲಿನಿಂದ ನೋಡಿ ಕತ್ತರಿಸಬಹುದು. ಆದರೆ ಗಾಜು ಬಾಳುತ್ತದೆ, ಅಲಗು ಸಾಯುತ್ತದೆ. ಉಕ್ಕಿನ ತಟ್ಟೆಯ ಮೇಲೆ ತರಕಾರಿ ಹೆಚ್ಚಿದರೆ ಚಾಕು ಮೊಂಡಾಗುವುದನ್ನು ಅರಿಯದ ಗೃಹಿಣಿಯಿಲ್ಲ. ಗಾಜಿನ ಗಡಸುತನವೂ ಹೆಚ್ಚುಕಡಿಮೆ ಅಲಗಿನ ಉಕ್ಕಿನ ಮಟ್ಟದ್ದೇ. ಮೊನೆ ಹೋದ ಅಲಗು ಹಾಳೆಯನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಅದಕ್ಕಿಂತ ದೊಡ್ಡ ಭಯವೆಂದರೆ, ಗಾಜಿನ ಮೇಲೆ ಅಲಗಿಗೆ ಹಿಡಿತವಿಲ್ಲ. ನೇರ ಗೆರೆಯಲ್ಲಿ ಅಳತೆಪಟ್ಟಿ ಅದನ್ನು ಹಿಡಿದಿರುತ್ತದೆ; ದುಂಡು ಗೆರೆಯಲ್ಲಿ ಹಿಡಿಯುವವರಾರು? ತಿರುವಿನಲ್ಲಿ ಜಾರಿದ ಅಲಗು ನೇರವಾಗಿ ಹಾಳೆಯನ್ನು ಅದುಮಿ ಹಿಡಿದ ಎಡಗೈಯ ಬೆರಳಿಗೆ ಬರುತ್ತದೆ. ಗಾಜು ಇಡುವುದೇ ಆದರೆ ಕಾಯಿಸಿ ಗಡುಸುಗೊಳಿಸಿದ ಟಫನ್ಡ್ ಗಾಜನ್ನೇ ಇಡಬೇಕು. ಅದು ಸಾಧಾರಣ ಗಾಜಿಗಿಂತ ನಾಲ್ಕೈದು ಪಟ್ಟು ಬಲವುಳ್ಳದ್ದು; ಒಡೆದರೂ ಭರ್ಜಿಯಂತಹ ಚೂರಾಗದೆ ಸಣ್ಣ ಸಣ್ಣ ಹರಳುಗಳಾಗುತ್ತದೆ. ಆದರೆ ಒಮ್ಮೆ ಗಡುಸುಗೊಳಿಸಿದ ಮೇಲೆ ಅದನ್ನು ಕತ್ತರಿಸಲು ಬರುವುದಿಲ್ಲ. ಆದಕಾರಣ ಅಳತೆಯನ್ನು ಮೊದಲೇ ಸರಿಯಾಗಿ ಕೊಟ್ಟು ಮಾಡಿಸಬೇಕು.

ಮೂರನೆಯದು ಎಂಡಿಎಫ್ ಹಲಗೆ. ಮರದ ನಾರನ್ನು ಪುಡಿಮಾಡಿ ಅಂಟಿನಲ್ಲಿ ಕಲಸಿ ಒತ್ತಿ ಮಾಡಿದ್ದಾದ್ದರಿಂದ ಇದಕ್ಕೆ ದಿಕ್ಕಿಲ್ಲ. ನಮ್ಮ ಮೊದಲ ಪರೀಕ್ಷೆಯಲ್ಲಿ ಇದು ಗೆಲ್ಲುತ್ತದೆ. ಬೆಲೆಯೂ ಕಡಿಮೆ. ದೊಡ್ಡ ಊರುಗಳಲ್ಲಿ ಅಕ್ರಿಲಿಕ್, ಅಲ್ಯೂಮಿನಿಯಂ ಹಲಗೆಗಳಿಂದ ಅಕ್ಷರ ಕೊರೆಯುವ ಸಿಎನ್‌ಸಿ ಯಂತ್ರಗಳ ಮೇಜಿನ ಮೇಲೂ ಬಲಿಗೆಂದೇ ಒಂದು ಎಂಡಿಎಫ್ ಹಲಗೆಯನ್ನು ಹಾಸಿರುತ್ತಾರೆ. ಗೀರು ಹೆಚ್ಚಾದಾಗ ಅದರ ಮೈಯನ್ನು ಹೆರೆದು ಮಟ್ಟಮಾಡುತ್ತಾರೆ, ತೀರ ತೆಳುವಾದಾಗ ಬದಲಿಸುತ್ತಾರೆ. ಆದರೆ ಎಂಡಿಎಫ್‌ಗೆ ನೀರೇ ಮೃತ್ಯು. ತೇವ ಹೀರಿ ಅಂಚು ಉಬ್ಬಿತೆಂದರೆ ಮತ್ತೆ ಮೊದಲಿನಂತಾಗುವುದಿಲ್ಲ.

ನಾಲ್ಕನೆಯದು ರಬ್ಬರ್. ಹಳೆಯ ಕನ್ವೇಯರ್ ಬೆಲ್ಟಿನ ತುಂಡನ್ನು ಹಾಸಿಕೊಳ್ಳುವ ರೂಢಿಯುಂಟು. ತೇವಕ್ಕೆ ಹೆದರುವುದಿಲ್ಲ, ಅಲಗನ್ನೂ ಕೆಡಿಸುವುದಿಲ್ಲ. ಆದರೆ ಅದು ಅಲಗನ್ನು ಹಿಡಿದೆಳೆಯುತ್ತದೆ. ಒತ್ತಿದಾಗ ತಗ್ಗುವುದರಿಂದ ದಪ್ಪ ಹಲಗೆಯ ಅಂಚು ನೆಟ್ಟಗೆ ನಿಲ್ಲದೆ ಓರೆಯಾಗುತ್ತದೆ. ಬಿಳಿಯ ಹಾಳೆಗೆ ಕರಿಯ ಮಸಿಯೂ ಹತ್ತುತ್ತದೆ.

ಐದನೆಯದು ಲಿನೋಲಿಯಂ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಕಂಡುಹಿಡಿದ ಈ ಹಾಸನ್ನು ಅಗಸೆ ಎಣ್ಣೆ, ಬೆಂಡಿನ ಪುಡಿ, ಸೆಣಬಿನ ಬಟ್ಟೆಗಳಿಂದ ಮಾಡುತ್ತಾರೆ. ದಿಕ್ಕಿಲ್ಲದ, ಹದವಾದ, ಅಲಗಿಗೆ ಹಿತವಾದ ಹಾಸು ಅದು. ಆದರೆ ನಮ್ಮ ಊರುಗಳಲ್ಲಿ ಲಿನೋಲಿಯಂ ಎಂದು ಕೊಡುವುದು ಸಾಮಾನ್ಯವಾಗಿ ನೆಲಕ್ಕೆ ಹಾಸುವ ತೆಳುವಾದ ಪಿವಿಸಿ. ಅದರ ಮೇಲಿನ ಬಣ್ಣದ ಪದರ ಕೆಲವೇ ದಿನಗಳಲ್ಲಿ ಸಿಪ್ಪೆಯೇಳುತ್ತದೆ. ಹೆಸರು ಕೇಳಿ ಮೋಸಹೋಗಬಾರದು.

ಆರನೆಯದು ಪಾಲಿಥೀನ್ ಜಾತಿಯ ಗಟ್ಟಿ ಹಲಗೆ. ಅಡಿಗೆಮನೆಯಲ್ಲಿ ತರಕಾರಿ ಹೆಚ್ಚಲು ಬಳಸುವ ಬಿಳಿಯ ಪ್ಲಾಸ್ಟಿಕ್ ಹಲಗೆಯ ವರ್ಗದ್ದು. ಎಚ್‌ಡಿಪಿಇ ಎಂದು ಕೇಳಿದರೆ ಕೊಡುತ್ತಾರೆ. ದಿಕ್ಕಿಲ್ಲ, ನೀರು ಹೀರುವುದಿಲ್ಲ, ಒತ್ತಿ ಕೊಯ್ಯುವ ಕೆಲಸಕ್ಕೆ ಜಗ್ಗುವುದಿಲ್ಲ. ಗೀರು ಮಾತ್ರ ಉಳಿಯುತ್ತದೆ. ಸೂಕ್ಷ್ಮ ಕೆಲಸಕ್ಕಲ್ಲ, ಸನ್‌ಬೋರ್ಡು, ಅಕ್ರಿಲಿಕ್ಕುಗಳಂತಹ ಬಿರುಸು ಕೆಲಸಕ್ಕೆ ಇದು ಒಳ್ಳೆಯ ಸಂಗಾತಿ.

ಕೊನೆಯದು, ಪೇಟೆಯಲ್ಲಿ ಕಟಿಂಗ್ ಮ್ಯಾಟ್ ಎಂದು ಕರೆಯುವ ಹಸಿರು ಬಣ್ಣದ, ಚೌಕಗೆರೆಗಳ ಹಾಸು. ಗಾಯ ತಾನೇ ಮಾಯುವ ಹಾಸು ಎಂದು ಇದನ್ನು ಹೊಗಳಿ ಮಾರುತ್ತಾರೆ. ಮಾಯುವುದೆಂದರೆ ಜೀವವಿದ್ದಂತೆ ಮಾಯುವುದಲ್ಲ. ಒಳಗೆ ಗಟ್ಟಿಯಾದ ಪದರವೂ ಮೇಲೆ ಕೆಳಗೆ ಮೆದುವಾದ ಪಿವಿಸಿ ಪದರಗಳೂ ಇರುತ್ತವೆ. ಚೂಪಾದ ಅಲಗು ಮೆದು ಪದರವನ್ನು ಕಿತ್ತುಹಾಕದೆ ಬರಿದೆ ಬೇರ್ಪಡಿಸಿ ಮುಂದೆ ಹೋಗುತ್ತದೆ. ಅಲಗು ಸರಿದೊಡನೆ ಆ ಪದರ ಮರಳಿ ಕೂಡಿಕೊಳ್ಳುತ್ತದೆ. ಗೀರು ನಿಲ್ಲದಿರುವುದರಿಂದ ನಿನ್ನೆಯ ಜಾಡು ಇಂದಿನ ಅಲಗನ್ನು ಸೆಳೆಯುವುದಿಲ್ಲ. ದಿಕ್ಕಿಲ್ಲದಿರುವುದರಿಂದ ‘ಠ’ ಬಳೆಯಾಗಿಯೇ ಉಳಿಯುತ್ತದೆ. ಕನ್ನಡಾಕ್ಷರದ ಸೂಕ್ಷ್ಮ ಕೆಲಸಕ್ಕೆ ಇದೇ ಉತ್ತಮವೆಂದು ನಾವು ನಿಸ್ಸಂದೇಹವಾಗಿ ಹೇಳುತ್ತೇವೆ. ಆದರೆ ಮೊಂಡು ಅಲಗಿನಿಂದ ಒತ್ತಿದರೆ, ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಆಳವಾಗಿ ಕೊಯ್ದರೆ ಇದೂ ಮಾಯುವುದಿಲ್ಲ, ಗಾಯವಾಗಿಯೇ ಉಳಿಯುತ್ತದೆ.

ಮೇಜು ಬೇರೆ, ಹಾಸು ಬೇರೆ

ಇಷ್ಟನ್ನು ತೂಗಿ ನೋಡಿದರೆ ಒಂದು ತತ್ತ್ವ ಹೊಳೆಯುತ್ತದೆ. ಸವೆಯದ ಹಾಸು ಅಲಗನ್ನು ಸವೆಸುತ್ತದೆ. ಅಲಗನ್ನು ಕಾಪಾಡುವ ಹಾಸು ತಾನು ಸವೆಯುತ್ತದೆ. ಎರಡರಲ್ಲಿ ಒಂದು ಸವೆಯಲೇಬೇಕು. ಹೀಗಿರುವಾಗ ಎಂದಿಗೂ ಸವೆಯದ ಹಾಸನ್ನು ಹುಡುಕುತ್ತ ಅಲೆಯುವುದು ವ್ಯರ್ಥ. ಸವೆಯುವುದನ್ನು ತೆಳುವಾಗಿ, ಬೇರೆಯಾಗಿ, ಬದಲಿಸಲು ಬರುವಂತೆ ಇಟ್ಟುಕೊಂಡು, ಅದರ ಅಡಿಯ ಮೇಜನ್ನು ಒಂದು ತಲೆಮಾರು ನಿಲ್ಲುವಂತೆ ಕಟ್ಟುವುದು ಜಾಣತನ. ಪ್ಲಾಟರ್ ಯಂತ್ರ ಮಾಡಿದವರೂ ಇದನ್ನು ಬಲ್ಲರು. ಅಲಗು ಓಡುವ ಹಾದಿಯುದ್ದಕ್ಕೂ ಒಂದು ತೆಳುವಾದ ಪಟ್ಟಿಯನ್ನು ಅಂಟಿಸಿರುತ್ತಾರೆ. ಅಲಗನ್ನು ಅಗತ್ಯಕ್ಕಿಂತ ಆಳ ಇಳಿಸಿದರೆ ಮೊದಲು ಗಾಯಗೊಳ್ಳುವುದು ಆ ಪಟ್ಟಿ. ಅದನ್ನು ಕಿತ್ತು ಹೊಸದನ್ನು ಹಾಕಿದರೆ ಯಂತ್ರ ಮೊದಲಿನಂತಾಗುತ್ತದೆ.

ಈ ತತ್ತ್ವವನ್ನು ಮಲೆನಾಡಿಗೆ ಹೊಂದಿಸಿಕೊಳ್ಳುವಾಗ ತೇವದ ಲೆಕ್ಕವನ್ನು ಮರೆಯಬಾರದು. ಮರ ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ತೇವಾಂಶ ಶೇಕಡ 65 ಇದ್ದಾಗ ಮರದೊಳಗಿನ ನೀರು ಅದರ ಒಣತೂಕದ ಶೇಕಡ 12ರಷ್ಟಿರುತ್ತದೆ. ಗಾಳಿಯ ತೇವಾಂಶ ಶೇಕಡ 90 ಆದರೆ ಅದು 20ಕ್ಕೆ ಏರುತ್ತದೆ. ಆಗ ಹಲಗೆ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ. ಬೇಸಗೆಯಲ್ಲಿ ಮರಳಿ ಕುಗ್ಗುತ್ತದೆ. ಜೋಡಿಸಿದ ಹಲಗೆಗಳ ಮೇಜು ಆಷಾಢದಲ್ಲಿ ಉಬ್ಬಿ ಫಾಲ್ಗುಣದಲ್ಲಿ ಬಿರುಕು ಬಿಡುವುದು ಇದರಿಂದಲೇ. ಪ್ಲೈವುಡ್ಡಿನಲ್ಲಿ ಒಂದು ಪದರದ ನಾರಿಗೆ ಇನ್ನೊಂದರದು ಅಡ್ಡವಾಗಿರುವುದರಿಂದ ಈ ಆಟ ಬಹಳ ಕಡಿಮೆ. ಐಎಸ್ 710 ಎಂಬ ಮುದ್ರೆಯಿರುವ ಮರೈನ್ ಪ್ಲೈವುಡ್ಡಿನ ಅಂಟು ನೀರಿಗೆ ಬಿಡುವಂಥದಲ್ಲ. ಮೇಜಿನ ಮೈಗೆ ಅದೇ ಯೋಗ್ಯ.

ಆದ್ದರಿಂದ ಹೊಸದಾಗಿ ಅಂಗಡಿ ಇಡುವವರಿಗೆ ನಮ್ಮ ಸಲಹೆ ಹೀಗಿದೆ. ಗಟ್ಟಿಯಾದ ಕಾಲುಗಳ ಚೌಕಟ್ಟಿನ ಮೇಲೆ 18 ಅಥವಾ 19 ಮಿಲಿಮೀಟರ್ ದಪ್ಪದ ಮರೈನ್ ಪ್ಲೈವುಡ್ ಹಾಕಿಸಿ. ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಪೂರ್ತಿ ಹಲಗೆಯಾದರೆ ಫಲಕ ಬಿಡಿಸಲು ಅನುಕೂಲ. ನಾಲ್ಕು ಅಂಚಿಗೂ ಬಣ್ಣ ಕುಡಿಸಿ. ತೇವ ನುಗ್ಗುವುದು ಅಂಚಿನಿಂದಲೇ. ಮೇಜಿನ ಕಾಲುಗಳು ನೆಲದ ಒರತೆಗೆ ತಾಗದಂತೆ ಕಲ್ಲಿನ ಮೇಲೆ ನಿಲ್ಲಲಿ. ಮೇಜಿನ ಎತ್ತರ ನಿಂತು ಕೆಲಸ ಮಾಡುವವನ ಮೊಣಕೈಗಿಂತ ತುಸು ಕೆಳಗಿರಲಿ. ಬಾಗಿ ಬಾಗಿ ನಡು ನೋಯಿಸಿಕೊಂಡವನ ಕೈ ಸಂಜೆಯ ವೇಳೆಗೆ ನಡುಗುತ್ತದೆ.

ಈ ಮೇಜಿನ ನಡುವೆ ಕಟಿಂಗ್ ಮ್ಯಾಟ್ ಇರಲಿ, ಅಂಟಿಸದೆ ಬಿಡಿಯಾಗಿರಲಿ. ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಸ್ಟಿಕ್ಕರ್ ಅಂಗಡಿಗಳಲ್ಲಿ ಹೆಚ್ಚಾಗಿ ಬಳಸುವ ವಿನೈಲ್ ಸುರುಳಿಯ ಅಗಲ 24 ಅಂಗುಲ, ಎಂದರೆ ಸುಮಾರು 610 ಮಿಲಿಮೀಟರ್. ಎ2 ಅಳತೆಯ ಮ್ಯಾಟ್ 420ಕ್ಕೆ 594 ಮಿಲಿಮೀಟರ್. ಅದರ ಉದ್ದದ ಬದಿಯೂ ಸುರುಳಿಯ ಅಗಲಕ್ಕೆ ಸಾಲದು. ಕೊನೆಯ ಅರ್ಧ ಅಂಗುಲದಲ್ಲಿ ಅಲಗು ಮ್ಯಾಟ್ ದಾಟಿ ಮರಕ್ಕೆ ಇಳಿಯುತ್ತದೆ, ಅಲ್ಲಿಯೇ ಹಾಳೆ ಹರಿಯುತ್ತದೆ. ಆದ್ದರಿಂದ 594ಕ್ಕೆ 841 ಮಿಲಿಮೀಟರಿನ ಎ1 ಅಳತೆಗಿಂತ ಕಡಿಮೆಯದನ್ನು ಕೊಳ್ಳಬೇಡಿ. ಮೇಜಿನ ಒಂದು ತುದಿಗೆ ಟಫನ್ಡ್ ಗಾಜಿನ ತುಂಡೊಂದು ಇರಲಿ. ಅದು ಕತ್ತರಿಸಲಿಕ್ಕಲ್ಲ, ಅಂಟು ಹಚ್ಚಲು, ಹಾಳೆ ನೀವಲು, ನಕ್ಷೆ ತೆಗೆಯಲು. ಬಿರುಸು ಕೆಲಸಕ್ಕೆಂದು ಎಚ್‌ಡಿಪಿಇ ಹಲಗೆಯನ್ನೋ ಎಂಡಿಎಫ್ ತುಂಡನ್ನೋ ಗೋಡೆಗೆ ಒರಗಿಸಿಟ್ಟುಕೊಂಡು ಬೇಕಾದಾಗ ಮಾತ್ರ ತೆಗೆಯಿರಿ. ಸನ್‌ಬೋರ್ಡನ್ನು ಎಂದಿಗೂ ಮ್ಯಾಟಿನ ಮೇಲಿಟ್ಟು ಕೊಯ್ಯಬೇಡಿ. ನಯದ ಕೆಲಸದ ಹಾಸನ್ನು ಒರಟು ಕೆಲಸಕ್ಕೆ ಹಿಡಿದವರು ವರ್ಷಕ್ಕೊಂದು ಮ್ಯಾಟ್ ಕೊಳ್ಳುತ್ತಾರೆ.

ಬಾಳಿಸುವ ಬಗೆ

ಕೊಂಡದ್ದನ್ನು ಬಾಳಿಸುವುದು ಬಳಸುವವನ ಕೈಯಲ್ಲಿದೆ. ಹಾಸಿನ ಮೊದಲ ಶತ್ರು ಮೊಂಡು ಅಲಗು. ತುದಿ ಮುರಿದುಕೊಳ್ಳುವ ಅಲಗನ್ನು 1956ರಲ್ಲಿ ಜಪಾನಿನ ಒಕಾಡ ಯೋಶಿಯೊ ಎಂಬಾತ ರೂಪಿಸಿದ. ಚಾಕಲೇಟಿನ ಹಲಗೆ ಗೆರೆಯ ಬಳಿ ಮುರಿಯುವುದನ್ನೂ, ಒಡೆದ ಗಾಜಿಗೆ ಪ್ರತಿಸಲವೂ ಹೊಸ ಮೊನೆ ಬರುವುದನ್ನೂ ಕಂಡು ಆತನಿಗೆ ಈ ಯೋಚನೆ ಬಂದಿತಂತೆ. ಇಂದು ನಮ್ಮ ಹಳ್ಳಿಯ ಅಂಗಡಿಯಲ್ಲೂ ಸಿಗುವ ಕಟ್ಟರ್ ಅದೇ. ಸಾಮಾನ್ಯವಾಗಿ 9 ಮತ್ತು 18 ಮಿಲಿಮೀಟರ್ ಅಗಲದ ಎರಡು ಬಗೆ. ದುಂಡು ಗೆರೆಗೆ ಕಿರಿದಾದ 9 ಮಿಲಿಮೀಟರಿನದೇ ಸರಿ. ಅಗಲದ ಅಲಗು ತಿರುವಿನಲ್ಲಿ ತಿರುಗುವುದಿಲ್ಲ. ಮೊನೆ ಮಂಕಾಯಿತೆಂದು ತೋರಿದೊಡನೆ ಜಿಪುಣತನ ಮಾಡದೆ ಒಂದು ತುಂಡು ಮುರಿಯಿರಿ. ಮುರಿದ ತುಂಡನ್ನು ಮುಚ್ಚಳವಿರುವ ಹಳೆಯ ಡಬ್ಬಿಯೊಂದಕ್ಕೆ ಹಾಕಿ. ಕಸದೊಡನೆ ಎಸೆದರೆ ಅದು ಯಾವುದೋ ತಾಯಿಯ ಕೈಗೋ ದನದ ಬಾಯಿಗೋ ತಗುಲುತ್ತದೆ. ದಪ್ಪ ಹಾಳೆಯನ್ನು ಒಂದೇ ಒತ್ತಿಗೆ ಕೊಯ್ಯಹೋಗದೆ ಹಗುರವಾಗಿ ಎರಡು ಮೂರು ಸಲ ಎಳೆಯಿರಿ. ದುಂಡು ಕತ್ತರಿಸುವಾಗ ಅಲಗಿಗಿಂತ ಹಾಳೆಯನ್ನು ತಿರುಗಿಸುವ ಅಭ್ಯಾಸ ಒಳ್ಳೆಯದು. ಎಡಗೈ ಎಂದಿಗೂ ಅಲಗಿನ ಮುಂದಿರಬಾರದು.

ಎರಡನೆಯ ಶತ್ರು ಬಿಸಿ. ಪಿವಿಸಿ ಹಾಸು ಬಿಸಿಗೆ ಮೆತ್ತಗಾಗಿ ಡೊಂಕಾಗುತ್ತದೆ. ಅದನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು, ನಿಲ್ಲಿಸಿದ ಕಾರಿನೊಳಗೆ ಬಿಡಬಾರದು, ಅದರ ಮೇಲೆ ಕಾಫಿಯ ಲೋಟ ಇಡಬಾರದು. ಕಾಫಿಯ ನಾಡಿನಲ್ಲಿ ಈ ಕಡೆಯ ಮಾತನ್ನು ಪಾಲಿಸುವುದು ಕಷ್ಟವೆಂದು ಬಲ್ಲೆವು. ಲೋಟಕ್ಕೆ ಬೇರೆ ಒಂದು ಮಣೆ ಇಟ್ಟುಕೊಳ್ಳಿ. ಸುರುಳಿ ಸುತ್ತಿಡುವುದೂ ಒರಗಿಸಿಡುವುದೂ ಬೇಡ. ಮಟ್ಟಸವಾಗಿ ಮಲಗಿಸಿಯೇ ಇಡಬೇಕು. ಮೂರನೆಯ ಶತ್ರು ಥಿನ್ನರ್, ಪೆಟ್ರೋಲುಗಳು. ಅಂಟು ಹತ್ತಿತೆಂದು ಇವುಗಳಿಂದ ಒರೆಸಿದರೆ ಮೇಲ್ಪದರ ಕೆಡುತ್ತದೆ. ತಣ್ಣೀರು, ಸ್ವಲ್ಪ ಸಾಬೂನು, ಮೆದು ಬಟ್ಟೆ ಸಾಕು. ವಾರಕ್ಕೊಮ್ಮೆ ಹಾಸನ್ನು ತಿರುಗಿಸಿಡಿ, ಕೆಲವು ತಿಂಗಳಿಗೊಮ್ಮೆ ಮಗುಚಿ ಹಾಕಿ. ಸವೆತ ಒಂದೇ ಕಡೆ ಕೂಡದೆ ಹಂಚಿಹೋಗುತ್ತದೆ. ಮಳೆಗಾಲದಲ್ಲಿ ಅಲಗುಗಳಿಗೆ ತುಕ್ಕು ಹಿಡಿಯದಂತೆ ತೆಂಗಿನೆಣ್ಣೆ ಸವರಿಟ್ಟರೆ ಒಳ್ಳೆಯದು. ಆದರೆ ಕೆಲಸಕ್ಕೆ ಮೊದಲು ಅದನ್ನು ಪೂರ್ತಿ ಒರೆಸಿ ತೆಗೆಯಿರಿ. ಎಣ್ಣೆ ತಗುಲಿದ ಹಾಳೆ ಫಲಕಕ್ಕೆ ಹತ್ತುವುದಿಲ್ಲ.

ಹಾಸನ್ನು ಎಂದು ಬದಲಿಸಬೇಕೆಂಬುದಕ್ಕೆ ಸುಲಭವಾದ ಪರೀಕ್ಷೆಯಿದೆ. ಕೊಳ್ಳುವಾಗಲೂ ಅದೇ ಪರೀಕ್ಷೆ ಸಲ್ಲುತ್ತದೆ. ವಿನೈಲಿನ ಚೂರೊಂದರ ಮೇಲೆ ಎರಡು ಅಂಗುಲದ ‘ಠ’ ಬರೆದು, ಹೊಸ ಮೊನೆಯ ಅಲಗಿನಿಂದ, ಕೈಯನ್ನು ಬಿಗಿಹಿಡಿಯದೆ ಕತ್ತರಿಸಿ. ಸುತ್ತಿನ ಯಾವ ಭಾಗದಲ್ಲಿಯೂ ಅಲಗು ಜಗ್ಗದೆ, ಜಾರದೆ ಬಂದರೆ ಹಾಸು ಸರಿಯಾಗಿದೆ. ಒಂದೇ ಕಡೆ ಮತ್ತೆ ಮತ್ತೆ ಸೆಳೆದರೆ ಅಲ್ಲಿ ಮಾಯದ ಗೀರಿದೆ. ಆ ಭಾಗ ಬಿಟ್ಟು ಬೇರೆಡೆ ಕೆಲಸ ಮಾಡಲು ಜಾಗವಿದ್ದರೆ ಇನ್ನೂ ಕೆಲಕಾಲ ನಡೆಸಬಹುದು. ಜಾಗವಿಲ್ಲವಾದರೆ ಹಾಸಿನ ಕಾಲ ಮುಗಿಯಿತೆಂದು ತಿಳಿಯಬೇಕು.

ಮನೆಯ ಹಿರಿಯರಿಗೆ ನಾವು ಹೇಳಬೇಕಾದದ್ದು ಇಷ್ಟೇ. ಯಂತ್ರಕ್ಕೆ ಮಾಡುವ ವೆಚ್ಚದ ಮುಂದೆ ಹಾಸಿನ ಬೆಲೆ ತೀರ ಅಲ್ಪ. ಆದರೆ ಹಾಳಾದ ಹಾಳೆ, ಮರಳಿ ಮಾಡಿಕೊಟ್ಟ ಫಲಕ, ಬೆರಳಿಗೆ ಹಾಕಿಸಿದ ಹೊಲಿಗೆ, ಕೈಬಿಟ್ಟುಹೋದ ಗಿರಾಕಿ ಇವುಗಳ ಬೆಲೆ ಅಲ್ಪವಲ್ಲ. ಸಾಲದ ಪಟ್ಟಿಯಲ್ಲಿ ಯಂತ್ರದ ಹೆಸರಿನ ಕೆಳಗೆ ಒಂದು ಸಾಲು ಹೆಚ್ಚಾಗಿ ಬರೆಯಿರಿ: ಎ1 ಅಳತೆಯ ಕಟಿಂಗ್ ಮ್ಯಾಟ್ ಒಂದು, ಅಲಗಿನ ಡಬ್ಬಿ ಎರಡು, ಉಕ್ಕಿನ ಅಳತೆಪಟ್ಟಿ ಒಂದು. ತರುಣನೂ ಯಂತ್ರಕ್ಕೆ ಕೈಹಾಕುವ ಮುನ್ನ ಒಂದು ತಿಂಗಳು ಆ ಹಾಸಿನ ಮೇಲೆ ನಮ್ಮ ವರ್ಣಮಾಲೆಯನ್ನು ಕೈಯಿಂದಲೇ ಕತ್ತರಿಸಿ ಕಲಿಯಲಿ. ಅಕ್ಷರ ಎಲ್ಲಿ ತಿರುಗುತ್ತದೆ, ಒತ್ತಕ್ಷರ ಎಲ್ಲಿ ಕೂಡುತ್ತದೆ ಎಂಬುದನ್ನು ಕೈ ಬಲ್ಲವನ ಫಲಕಕ್ಕೆ ತೂಕವೇ ಬೇರೆ. ಅಂತಹವನು ಮಾಡಿ ನಿಲ್ಲಿಸಿದ ‘ದೇವರಮನೆ’ ಎಂಬ ಹೆಸರು ಎಷ್ಟೋ ಮಳೆಗಾಲಗಳಲ್ಲಿ ನೆನೆದರೂ ಮಂಜಿನೊಳಗೆ ಬಂದವರಿಗೆ ಪೂರ್ತಿಯಾಗಿ ಓದಲು ಸಿಗುತ್ತದೆ.